ಕೇಳದೆ ಉಳಿದ ಪ್ರಶ್ನೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜನಕ್ಕೆ ಬೇಸಗೆಯ ಜ್ವರವೆಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಉಂಟುಮಾಡಿದ ದುಃಖವನ್ನು ಸದ್ಭಕ್ತರು ಮರೆತಿರಲಾರರು. ಕೆಲವರಲ್ಲಿ ಅದು ಜ್ವರ ಬಿಟ್ಟ ಒಂದೆರಡು ವಾರದ ಮೇಲೆ ಮರುಕಳಿಸಿ ಮಿದುಳನ್ನು ಹಿಡಿಯುವುದೂ ಉಂಟು. ಆದುದರಿಂದ ತಲೆನೋವು, ಬುದ್ಧಿಭ್ರಮಣೆ ಕಂಡರೆ ಅದಕ್ಕಾಗಿ ರಕ್ತ ಕೊಡಲು ಯಾರಿಗೂ ನಾಚಿಕೆಯಿಲ್ಲ. ಉಣುಗು ಕಚ್ಚಿದವನ ನಡತೆಯನ್ನು ಯಾರೂ ಪ್ರಶ್ನಿಸುವುದಿಲ್ಲವಷ್ಟೆ.

ಕೆಲವು ವರ್ಷಗಳ ಹಿಂದೆ ಫಾಲ್ಗುಣ ಮಾಸದಲ್ಲಿ, ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿ ಹೋಗಿದ್ದ ತರುಣನೊಬ್ಬನನ್ನು ಅವನ ತಾಯಿ ನಮ್ಮಲ್ಲಿಗೆ ಕರೆತಂದರು. ಇಪ್ಪತ್ತು ದಿನಗಳಿಂದ ತಲೆನೋವು, ವಾಂತಿ. ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಮಾತಿನ ನಡುವೆ ತಾನೆಲ್ಲಿರುವೆನೆಂಬುದೇ ಅವನಿಗೆ ಮರೆತುಹೋಗುತ್ತಿತ್ತು. “ಮಂಗನ ಕಾಯಿಲೆ ಅಲ್ಲ ಅಂದ್ರು ಬುದ್ಧಿ. ಯಾರದೋ ದೃಷ್ಟಿ ಇರಬೇಕು” ಎಂದರು ಆ ತಾಯಿ. ಹುಡುಗನ ಮೈ ಇಳಿದಿತ್ತು. ನಾಲಗೆಯ ಮೇಲೆ ಬಿಳಿಯ ಲೇಪವಿತ್ತು. ಎಚ್.ಐ.ವಿ. ಸೋಂಕು ಬಹುಕಾಲ ತಿಳಿಯದೆ ಉಳಿದಾಗ ಹೀಗಾಗಬಹುದೆಂದು ನಾವು ಓದಿ ಬಲ್ಲೆವು. ಆದರೂ ಆ ಪರೀಕ್ಷೆಯಾಯಿತೇ ಎಂದು ಕೇಳಲು ಬಾಯಿ ಬರಲಿಲ್ಲ. ಮಠದ ಪಡಸಾಲೆಯಲ್ಲಿ ಆ ಮಾತೆತ್ತಿದರೆ ಅವರ ಮನೆತನದ ಮಾನ ಹೋದೀತೆಂದುಕೊಂಡೆವು. ನಮ್ಮ ಮಾನದ ಚಿಂತೆಯೂ ಅದರೊಳಗಿತ್ತೆಂದು ಈಗ ಒಪ್ಪಬೇಕು. ವಿಭೂತಿಯಿಟ್ಟು ಕಳುಹಿಸಿದೆವು.

ಹನ್ನೆರಡನೆಯ ದಿನ ಪ್ರಜ್ಞೆ ತಪ್ಪಿದ ಅವನನ್ನು ಶಿವಮೊಗ್ಗೆಗೆ ಒಯ್ದರು. ಬೆನ್ನಿನಿಂದ ನೀರು ತೆಗೆದು ನೋಡಿದಾಗ ಕಂಡದ್ದು ಕ್ರಿಪ್ಟೊಕಾಕಸ್ ಎಂಬ ಬೂಷ್ಟು. ಮಣ್ಣಿನಲ್ಲಿಯೂ ಪಾರಿವಾಳದ ಹಿಕ್ಕೆಯಲ್ಲಿಯೂ ಇರುವ ಈ ಬೂಷ್ಟು ಆರೋಗ್ಯವಂತರನ್ನು ಕಾಡುವುದು ಅಪರೂಪ. ರಕ್ತದಲ್ಲಿ ಸಿ.ಡಿ.4 ಕಣಗಳು ನೂರಕ್ಕಿಂತ ಕೆಳಗಿಳಿದವರಲ್ಲಿ ಅದು ಮಿದುಳಿನ ಪೊರೆಯನ್ನು ಸೇರುತ್ತದೆ. ತಲೆಯೊಳಗೆ ಒತ್ತಡವೇರಿ ಕಣ್ಣಿನ ನರ ಕೆಡುತ್ತದೆ. ಎಚ್.ಐ.ವಿ. ಮದ್ದನ್ನು ಕೂಡಲೇ ಕೊಟ್ಟರೆ ಮಿದುಳಿನ ಊತ ಹೆಚ್ಚಿ ಪ್ರಾಣಕ್ಕೇ ಅಪಾಯವಾದ್ದರಿಂದ, ಮೊದಲು ಬೂಷ್ಟಿಗೆ ಚಿಕಿತ್ಸೆ ನಡೆಸಿ ನಾಲ್ಕಾರು ವಾರ ತಡೆಯಬೇಕಾಯಿತು. ಜೀವ ಉಳಿಯಿತು, ದೃಷ್ಟಿ ಬಹುಪಾಲು ಹೋಯಿತು.

ಸೋಂಕು ಹೇಗೆ ಬಂತೆಂದು ನಮ್ಮನ್ನು ಕೇಳಿದವರು ಅನೇಕರು. ಅದನ್ನು ನಾವು ವಿಚಾರಿಸಲಿಲ್ಲ. ತಾಯಿಯಿಂದಲೇ ಸೋಂಕು ಪಡೆದು ಹುಟ್ಟಿ, ಹದಿಹರೆಯದಲ್ಲಿ ತಿಳಿದುಬಂದ ಮಕ್ಕಳೂ ಲೋಕದಲ್ಲಿದ್ದಾರೆ. ಸರ್ಕಾರವು 2004ರಲ್ಲಿ ಉಚಿತ ಮದ್ದನ್ನು ಆರಂಭಿಸಿತು, 2017ರಿಂದ ಸಿ.ಡಿ.4 ಎಷ್ಟೇ ಇದ್ದರೂ ಸೋಂಕು ತಿಳಿದವರೆಲ್ಲರಿಗೂ ಅದು ದೊರೆಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆಗೆ ಕಾಸು ಬೇಡ. ಗುಟ್ಟನ್ನು ಕಾಯಲು 2017ರ ಕಾಯಿದೆಯೂ ಇದೆ. ಅಂದು ಆ ಹುಡುಗ ಮಠಕ್ಕೆ ಬಂದದ್ದು ಆ ಆಸ್ಪತ್ರೆಯ ಬಾಗಿಲನ್ನು ಹಾದುಕೊಂಡೇ.

ಮೊನ್ನಿನ ಕಾರ್ತಿಕದಲ್ಲಿ ತಾಯಿಯ ತೋಳು ಹಿಡಿದು ಅವನು ಮತ್ತೆ ಬಂದಿದ್ದ. ಮಾತ್ರೆ ತಪ್ಪಿಸುವುದಿಲ್ಲವಂತೆ, ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿದೆ ರಕ್ತದಲ್ಲಿನ ವೈರಾಣು. ಅಂದು ಕೇಳದೆ ತಪ್ಪು ಮಾಡಿದೆವೆಂದು ನಾವು ತಾಯಿಯ ಮುಂದೆ ಹೇಳಿಕೊಂಡೆವು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ನನಗೂ ಅನುಮಾನ ಇತ್ತು ಬುದ್ಧಿ. ತಾವೇ ಕೇಳ್ತೀರೇನೋ ಅಂತ ಕಾದೆ” ಎಂದರು.