ಅಜ್ಜನ ಮೇಜಿನ ಚರ್ಮ

ಬೆಳ್ಳೂರಿನ ನಮ್ಮ ಹಿರಿಯರ ಮನೆಯ ಚಾವಡಿಯಲ್ಲಿ ಒಂದು ಬರೆಯುವ ಮೇಜಿದೆ. ನಾಲ್ಕೂವರೆ ಅಡಿ ಉದ್ದ, ಎರಡೂಕಾಲು ಅಡಿ ಅಗಲ. ಎರಡೂ ಬದಿಗಳಲ್ಲಿ ಮೂರು ಮೂರು ಖಾನೆಗಳು. ಮೇಲ್ಭಾಗದಲ್ಲಿ ತೇಗದ ಅಂಚಿನ ನಡುವೆ ಮೂರು ತುಂಡುಗಳಾಗಿ ಹೊದಿಸಿದ ತೆಳು ಚರ್ಮ. 1940ರ ದಶಕದಲ್ಲಿ ಮಂಗಳೂರಿನ ವಕೀಲರೊಬ್ಬರ ಮನೆಯ ಹರಾಜಿನಲ್ಲಿ ನಮ್ಮ ಅಜ್ಜ ಇದನ್ನು ಕೊಂಡು, ಕಾಸರಗೋಡಿನವರೆಗೆ ರೈಲಿನಲ್ಲಿಯೂ ಅಲ್ಲಿಂದ ಎತ್ತಿನ ಗಾಡಿಯಲ್ಲಿಯೂ ತರಿಸಿದರಂತೆ. ಕಳೆದ ಫೆಬ್ರವರಿಯಲ್ಲಿ ನಾವು ಮೂವರು ಒಡಹುಟ್ಟಿದವರು ಸೇರಿ ಅದರ ಚರ್ಮವನ್ನು ಬದಲಾಯಿಸಿದೆವು. ಕೆಲಸ ನಾಲ್ಕೇ ದಿನದ್ದು. ಆದರೆ ಆ ನಾಲ್ಕು ದಿನಗಳು ನಮ್ಮ ಮನೆಯ ಬಗೆಗೆ ನಮಗೆ ಒಂದು ಸಂಗತಿಯನ್ನು ತಿಳಿಸಿದುವು. ಅದನ್ನು ಬಂಧುಗಳೂ ಮಿತ್ರರೂ ಓದುವ ಈ ಸಂಚಿಕೆಯಲ್ಲಿ ಹೇಳಿಕೊಳ್ಳಬೇಕೆನಿಸಿತು.

ಅಜ್ಜ ಅರ್ಜಿ, ದಸ್ತಾವೇಜುಗಳನ್ನು ಬರೆದುಕೊಡುವವರು. ಮೂಲಗೇಣಿ, ಚಾಲಗೇಣಿ ಚೀಟುಗಳು, ಪಾಲುಪಟ್ಟಿಗಳು, ತೀರ್ವೆಯ ತಕರಾರುಗಳು ಎಲ್ಲವೂ ಈ ಮೇಜಿನ ಮೇಲೆಯೇ ಹುಟ್ಟಿದುವು. 1956ರ ಅಕ್ಟೋಬರ್ 31ರ ತನಕ ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮರುದಿನ ಕೇರಳಕ್ಕೆ ಸೇರಿತು. ಮೇಜು ಇದ್ದಲ್ಲಿಂದ ಕದಲಲಿಲ್ಲ. ಅದರ ಮೇಲೆ ಬಂದು ಬೀಳುವ ಕಾಗದಗಳ ಲಿಪಿ ಮಾತ್ರ ಮೆಲ್ಲಮೆಲ್ಲನೆ ಬದಲಾಯಿತು. 1969ರ ಕೇರಳ ರಾಜಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿಯೇ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಾಗ, ಅಜ್ಜ ಅದನ್ನು ಕೊನೆಯವರೆಗೂ ಬಿಡದೆ ಬಳಸಿದರು. 1970ರಲ್ಲಿ ಭೂಸುಧಾರಣೆ ಜಾರಿಗೆ ಬಂದ ಮೇಲೆ, ಒಂದು ಕಾಲದಲ್ಲಿ ಚಾಲಗೇಣಿ ಚೀಟು ಬರೆದ ಅದೇ ಮೇಜಿನಲ್ಲಿ ಒಕ್ಕಲುಗಳ ಪಟ್ಟೆಯ ಅರ್ಜಿಗಳನ್ನೂ, ಗುಡಿಸಲುಗಳಲ್ಲಿ ಕುಳಿತವರಿಗೆ ಸಲ್ಲುವ ಹತ್ತು ಸೆಂಟ್ಸಿನ ಅರ್ಜಿಗಳನ್ನೂ ಬರೆದರು. ಹೆಸರು ಬರೆಯುವಲ್ಲಿ ಅವರದು ಬಲು ನಿಷ್ಠೆ. ಅರ್ಜಿದಾರನ ಹೆಸರು, ತಂದೆಯ ಹೆಸರು, ಮನೆಯ ಹೆಸರು, ಪ್ರಾಯ ಇವಿಷ್ಟನ್ನು ಎರಡು ಸಲ ಓದಿ ಹೇಳಿಸಿ, "ಸರಿಯಲ್ಲವೋ?" ಎಂದು ಕೇಳಿಯೇ ಮುಂದಿನ ಸಾಲಿಗೆ ಹೋಗುತ್ತಿದ್ದರು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಭೂಮಿಯೇ ತಪ್ಪೀತು ಎಂಬುದು ಅವರ ಮಾತು.

ಅಜ್ಜಿಗೆ ಮಾತ್ರ ಆ ಮೇಜು ಸರಿಬರಲಿಲ್ಲ. ಯಾವ ಪ್ರಾಣಿಯ ಚರ್ಮವೋ ಎಂಬ ಅಳುಕು, ದನದ್ದಾಗಿದ್ದರೆ? ಆದುದರಿಂದ ಮೇಜು ಚಾವಡಿಯ ಹೊಸ್ತಿಲನ್ನು ದಾಟಿ ಒಳಗೆ ಬರಲೇ ಇಲ್ಲ. "ಮದ್ದಳೆ ನಡುಮನೆಗೆ ಬರುತ್ತದೆ, ವಟುವಿನ ಜನಿವಾರಕ್ಕೆ ಕೃಷ್ಣಾಜಿನ ಕಟ್ಟುತ್ತಾರೆ, ಮೇಜಿಗೆ ಮಾತ್ರ ಏನು ದೋಷ?" ಎಂದು ಅಜ್ಜ ಕೇಳುತ್ತಿದ್ದರಂತೆ. ಅಜ್ಜಿ ಉತ್ತರ ಕೊಡಲಿಲ್ಲ, ಹೊಸ್ತಿಲನ್ನೂ ಸಡಿಲಿಸಲಿಲ್ಲ.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಚರ್ಮ ಬಾಳುವುದು ಕಷ್ಟ. ಪ್ರತಿ ಆಟಿಯಲ್ಲಿ ಬೂಸ್ಟು, ಪ್ರತಿ ಬೇಸಗೆಯಲ್ಲಿ ಬಿರುಕು. ಇತ್ತೀಚೆಗೆ ಕೈಯಿಟ್ಟಲ್ಲೆಲ್ಲ ಕುಂಕುಮದಂಥ ಕೆಂಪು ಪುಡಿ ಅಂಟತೊಡಗಿತು. ಆದರೂ ಅಪ್ಪ ಅದನ್ನು ಮುಟ್ಟಗೊಡಲಿಲ್ಲ. ಅವರಿಗೀಗ 88. ಚರ್ಮದ ಮೇಲೆ ಅಜ್ಜನ ಶಾಯಿಯ ಕಲೆಗಳಿದ್ದುವು. ಹಸಿ ಕಾಗದವನ್ನು ಕವುಚಿ ಹಾಕಿದಲ್ಲಿ ಹಿಂದುಮುಂದಾಗಿ ಮೂಡಿದ ಕನ್ನಡ ಅಕ್ಷರಗಳಿದ್ದುವು. ಅದನ್ನು ಕಿತ್ತರೆ ಅಜ್ಜನನ್ನೇ ಕಿತ್ತಂತೆ ಎಂದು ಅವರ ಭಾವನೆ. ಮೇಲೆ ಗಾಜು ಹಾಸೋಣ ಎಂದಳು ತಂಗಿ. ಮಳೆಗಾಲದ ಪಸೆ ಗಾಜಿನಡಿಯಲ್ಲಿ ನಿಂತು ಇದ್ದುದೂ ಕೊಳೆಯುತ್ತದೆ. ರೆಕ್ಸಿನ್ ಹಾಕೋಣ ಎಂದ ತಮ್ಮ. ಅಪ್ಪ ಮುಖವನ್ನು ಆಚೆಗೆ ತಿರುಗಿಸಿದರು.

ಕೊನೆಗೆ ಮಂಗಳೂರಿನಲ್ಲಿ ಹಳೆಯ ಪುಸ್ತಕಗಳಿಗೆ ಚರ್ಮದ ರಟ್ಟು ಕಟ್ಟುತ್ತಿದ್ದ ಹಿರಿಯರೊಬ್ಬರು ದೊರೆತರು. ಅವರು ಮುಳ್ಳೇರಿಯದಲ್ಲಿ ಬಸ್ಸಿಳಿದು, ನಮ್ಮ ಜೀಪಿನಲ್ಲಿ ಮನೆಗೆ ಬಂದು, ಬೆಲ್ಲ ನೀರು ಕುಡಿದು, ಮೇಜಿನ ಎದುರು ಬಹಳ ಹೊತ್ತು ಸುಮ್ಮನೆ ಕುಳಿತರು. ಬಳಿಕ ಎದ್ದು ಬಂದ ಒಂದು ಚೂರನ್ನು ಬೆಳಕಿಗೆ ಹಿಡಿದು, "ಇದು ಕುರಿಯದ್ದು. ಮೇಲ್ಪದರವನ್ನು ಮಾತ್ರ ಸೀಳಿ ತೆಗೆದದ್ದು" ಎಂದರು. ಅಜ್ಜಿ ತೀರಿಹೋಗಿ ಮೂವತ್ತು ವರ್ಷಗಳಾದ ಮೇಲೆ ಅವರ ಪ್ರಶ್ನೆಗೆ ಉತ್ತರ ಬಂದಿತು. ಅಪ್ಪ ತಮ್ಮ ಸಂಕಟವನ್ನು ಹೇಳಿಕೊಂಡಾಗ ಆ ಹಿರಿಯರು ಮೃದುವಾಗಿ, "ಮರ ಉಳಿಯಲಿ ಅಂತಲೇ ಚರ್ಮ ಹಾಕಿದ್ದು. ಇದು ಸವೆಯಲಿಕ್ಕೇ ಇದ್ದದ್ದಲ್ವಾ? ನಿಮ್ಮ ಅಪ್ಪ ಬರೆದೇ ಸವೆಸಿದ್ದು. ಇನ್ನು ಇದರ ಮೇಲೆ ಬರೆಯಲಿಕ್ಕೆ ಆಗುವುದಿಲ್ಲ" ಎಂದರು. ಅಪ್ಪ ಒಂದು ರಾತ್ರಿ ಯೋಚಿಸಿ, ಬೆಳಗ್ಗೆ ಹೂಂ ಎಂದರು.

ಹಳೆಯ ಚರ್ಮ ಹೋಳು ಹೋಳಾಗಿ ಎದ್ದಿತು. ಉಳಿದ ಅಂಟಿನ ಮೇಲೆ ಒದ್ದೆ ಬಟ್ಟೆಯನ್ನು ಅರ್ಧ ಗಂಟೆ ಹಾಸಿಟ್ಟು, ಮೆತ್ತಗಾದ ಮೇಲೆ ಮೊಂಡು ಉಳಿಯಿಂದ ಹೆರೆದರು. ಅವಸರ ಮಾಡಿ ನೀರು ಹೆಚ್ಚು ಸುರಿದರೆ ತೇಗದ ಅಂಚು ಕಲೆಗಟ್ಟುತ್ತದೆ. ಮರದ ಬಿರುಕುಗಳಿಗೆ ಊರಿನ ಆಚಾರಿಗಳು ಮರದ ಹುಡಿ ಮತ್ತು ಅಂಟಿನ ಲೇಪ ತುಂಬಿ, ಒಣಗಿದ ಮೇಲೆ ನಯವಾಗಿ ಉಜ್ಜಿದರು. ತೆಳು ಚರ್ಮದಡಿಯಲ್ಲಿ ಒಂದು ಅಕ್ಕಿಕಾಳು ಉಳಿದರೂ ಬೆಟ್ಟದಂತೆ ಕಾಣುವುದಂತೆ.

ಮೂರನೆಯ ದಿನ ಒಂದು ಪಾಲು ಮೈದಾಕ್ಕೆ ಐದು ಪಾಲು ನೀರು ಹಾಕಿ, ಕಲಕುತ್ತ ಬೇಯಿಸಿ ಅಂಟು ಮಾಡಿದರು. ಹುಳು ತಿನ್ನದಂತೆ ಅದಕ್ಕೆ ಒಂದು ಚಿಟಿಕೆ ಮೈಲುತುತ್ತು ಬೇಕೆಂದಾಗ ಅಪ್ಪ ಮೊದಲ ಬಾರಿ ನಕ್ಕರು. ಅಡಿಕೆಯ ಮಹಾಳಿ ರೋಗಕ್ಕೆ ಸುಣ್ಣದೊಂದಿಗೆ ಬೆರೆಸಿ ಹೊಡೆಯುವ ಮೈಲುತುತ್ತಿಗೆ ನಮ್ಮಲ್ಲಿ ಬರವೇ? ನೂರು ಲೀಟರು ನೀರಿಗೆ ಒಂದು ಕಿಲೋ ಎಂದು ಅಳೆಯುವ ಕೈ, ಬೆರಳ ತುದಿಯಲ್ಲಿ ಹಿಡಿವಷ್ಟನ್ನು ತಂದುಕೊಟ್ಟಿತು.

ಹೊಸ ಚರ್ಮ ಆಡಿನದು. ತೊಗಟೆಯ ಒಗರಿನಲ್ಲಿ ಹದಗೊಳಿಸಿದ್ದು. ಹಿಂದೆ ಮದರಾಸಿನ ಕಡೆ ತಂಗಡಿ ಗಿಡದ ತೊಗಟೆ, ಅಳಲೆಕಾಯಿಗಳಿಂದ ಅರೆಹದ ಮಾಡಿದ ಚರ್ಮ ಹಡಗು ಹಡಗಾಗಿ ಇಂಗ್ಲೆಂಡಿಗೆ ಹೋಗುತ್ತಿತ್ತು ಎಂದು ಆ ಹಿರಿಯರು ವಿವರಿಸಿದರು. ಅದೇ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಅಂಶ ಸೇರಿದರೆ ಕಪ್ಪು ಶಾಯಿ. ಎಳೆಯ ಅಡಿಕೆ ಕೊಯ್ದ ಕತ್ತಿ ಕಪ್ಪಾಗುವುದನ್ನು ದಿನವೂ ಕಾಣುವ ನಮಗೆ ಇದು ಥಟ್ಟನೆ ತಿಳಿಯಿತು. ಚರ್ಮವನ್ನು ಕೊಳೆಯದಂತೆ ಕಾಯುವುದೂ ಅದರ ಮೇಲೆ ಅಕ್ಷರವಾಗಿ ಕೂರುವುದೂ ಒಂದೇ ಒಗರು.

ಚರ್ಮವನ್ನು ಎಲ್ಲ ಕಡೆಗೂ ಅರ್ಧ ಅಂಗುಲ ಹೆಚ್ಚಿಗೆ ಕತ್ತರಿಸಿ, ಹಿಂಬದಿಯನ್ನು ತುಸು ತೇವಗೊಳಿಸಿ, ಅಂಟು ಹಚ್ಚಿದ ಮರದ ಮೇಲಿಳಿಸಿ, ನಡುವಿನಿಂದ ಅಂಚಿನತ್ತ ಅಂಗೈಯಿಂದ ಸವರಿದರು. ಎಳೆಯಬಾರದು, ಎಳೆದು ಕೂರಿಸಿದ ಚರ್ಮ ಒಣಗುವಾಗ ಕುಗ್ಗಿ ಅಂಚಿನಲ್ಲಿ ಬಾಯಿ ಬಿಡುತ್ತದೆ. ಬಿದಿರಿನ ಸೀಳಿನಿಂದ ಅಂಚನ್ನು ಒತ್ತಿ, ಒಂದು ರಾತ್ರಿ ಬಿಟ್ಟು, ಮರುದಿನ ಒತ್ತಿದ ಗೆರೆಯ ಗುಂಟ ಅಲಗಿನಿಂದ ಕತ್ತರಿಸಿದರು. ಚಿನ್ನದ ಬಣ್ಣದ ಬಳ್ಳಿಯ ಚಿತ್ತಾರ ಬೇಕೇ ಎಂದಾಗ ಅಪ್ಪ, "ಬರೆಯುವ ಮೇಜಿಗೆ ಒಂದು ಗೆರೆ ಸಾಕು" ಎಂದರು.

ನಮ್ಮನ್ನು ನಾಚಿಸಿದ ಸಂಗತಿ ಬಂದದ್ದು ಆ ದಿನ ಮಧ್ಯಾಹ್ನ. ಮಜೂರಿಯ ಮಾತು ಬಂದಾಗ ಅಪ್ಪ, ಹಿಂದೊಮ್ಮೆ ಇದಕ್ಕೆ ತೇಪೆ ಹಾಕಿಸಿದ್ದು ನೆನಪಾಗಿ, ಅಜ್ಜನ ಲೆಕ್ಕದ ಪುಸ್ತಕವನ್ನು ತರಿಸಿದರು. 1972ರ ಪುಟದಲ್ಲಿ ಆ ಸಾಲಿತ್ತು: ಮೇಜಿನ ತೇಪೆಗೆ, ಚರ್ಮದವನಿಗೆ, 4 ರೂಪಾಯಿ.

ನಮಗೆ ಆತನ ನೆನಪಿದೆ. ನಾವಾಗ ಚಿಕ್ಕ ಮಕ್ಕಳು. ಮೇಜನ್ನು ನಾಲ್ವರು ಹೊತ್ತು ಅಂಗಳಕ್ಕೆ ಇಳಿಸಿದ್ದರು, ಏಕೆಂದರೆ ಆತ ಜಗಲಿ ಹತ್ತುವಂತಿರಲಿಲ್ಲ. ಇಡೀ ದಿನ ಬಿಸಿಲಲ್ಲಿ ಕುಳಿತು ಕೆಲಸ ಮಾಡಿದ. ಊಟವನ್ನು ಹಟ್ಟಿಯ ಬದಿಯಲ್ಲಿ ಬಾಳೆಲೆಯಲ್ಲಿ ಇಟ್ಟರು. ಆತ ಕೈಯಾಡಿಸಿದ ಮೇಜು ಸಂಜೆ ಪುನಃ ಚಾವಡಿಗೆ ಏರಿತು. ಮರುದಿನವೇ ಅದರ ಮೇಲೆ ಯಾರದೋ ಹತ್ತು ಸೆಂಟ್ಸಿನ ಅರ್ಜಿ ಬರೆಯಲ್ಪಟ್ಟಿರಲೂ ಸಾಕು. ಊರಿನವರ ಹೆಸರುಗಳನ್ನು ಎರಡೆರಡು ಸಲ ಓದಿಸಿ ಬರೆದ ಅಜ್ಜನ ಪುಸ್ತಕದಲ್ಲಿ ಆತನಿಗೆ ಹೆಸರಿಲ್ಲ. ಅಜ್ಜನನ್ನು ಇಂದಿನ ತಕ್ಕಡಿಯಲ್ಲಿ ತೂಗುವುದು ನಮಗೆ ಇಷ್ಟವಿಲ್ಲ. ಆದರೆ ಆ ಸಾಲನ್ನು ಓದಿಯೂ ಓದದಂತೆ ಪುಸ್ತಕ ಮುಚ್ಚುವುದೂ ಆಗಲಿಲ್ಲ. ಊರಿನ ಹಿರಿಯರನ್ನು ಕೇಳಿದೆವು. ಆತನ ತೇಪೆ ಕೆಲವರಿಗೆ ನೆನಪಿದೆ, ಹೆಸರು ಯಾರಿಗೂ ನೆನಪಿಲ್ಲ.

ಆ ದಿನ ಮಂಗಳೂರಿನ ಹಿರಿಯರು ನಮ್ಮೊಂದಿಗೆ ಒಂದೇ ಪಂಕ್ತಿಯಲ್ಲಿ ಉಂಡರು. ಇದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ. ಕಾಲ ಬದಲಾದುದರ ಪುಣ್ಯವನ್ನು ನಾವು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಾರದು.

ಚರ್ಮ ಚೆನ್ನಾಗಿ ಒಣಗಿದ ಮೇಲೆ ಅಪ್ಪ ಮೇಜಿನ ಎದುರು ಕುಳಿತರು. ಹೊಸ ಚರ್ಮಕ್ಕೆ ಕಲೆಯಾಗದಿರಲೆಂದು ಅಡಿಗೆ ಪತ್ರಿಕೆಯೊಂದನ್ನು ಹಾಸಿಕೊಂಡರು. ಮತ್ತೆ ಏನೋ ಯೋಚಿಸಿ ಅದನ್ನು ತೆಗೆದಿಟ್ಟರು. ಅಜ್ಜನ ಲೆಕ್ಕದ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಪುಟವನ್ನು ತೆರೆದು, ಆ ಹಿರಿಯರ ಹೆಸರು, ಅವರ ತಂದೆಯ ಹೆಸರು, ಮನೆಯ ಹೆಸರು, ಕೊಟ್ಟ ಮಜೂರಿ ಎಲ್ಲವನ್ನೂ ಬರೆದು, ಎರಡು ಸಲ ಓದಿ ಹೇಳಿ, "ಸರಿಯಲ್ಲವೋ?" ಎಂದು ಕೇಳಿದರು. ಸರಿ ಎಂದರು ಅವರು. ಈ ಲೇಖನದಲ್ಲಿ ತಮ್ಮ ಹೆಸರು ಬೇಡವೆಂದವರೂ ಅವರೇ. ಆದುದರಿಂದ ಇಲ್ಲಿ ಬರೆದಿಲ್ಲ. ಬೇಡವೆನ್ನುವ ಅವಕಾಶ ಅವರಿಗಿತ್ತು.

ಆ ಬಳಿಕ ಅಪ್ಪ 1972ರ ಪುಟಕ್ಕೆ ಮರಳಿದರು. ಆ ಸಾಲಿನಲ್ಲಿ 'ಚರ್ಮದವನಿಗೆ' ಎಂಬುದನ್ನು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಹೆಸರು ಬರೆಯುವಷ್ಟು ಜಾಗ ಬಿಟ್ಟರು. ಓದುಗರಲ್ಲಿ ಬೆಳ್ಳೂರು, ನೆಟ್ಟಣಿಗೆ, ಕಿನ್ನಿಂಗಾರು ಕಡೆಯ ಹಿರಿಯರು ಯಾರಿಗಾದರೂ ಆ ಹೆಸರು ತಿಳಿದಿದ್ದರೆ ದಯಮಾಡಿ ನಮಗೆ ಹೇಳಿ. ಜಾಗ ಇನ್ನೂ ಹಾಗೆಯೇ ಇದೆ.