ಕಟ್ಟಿಸಿದವರು, ಕಟ್ಟಿದವರು

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಸೇತುವೆಯಲ್ಲಿ ಕಮಾನುಗಳಿಲ್ಲ. ನೆಟ್ಟ ಕಲ್ಲುಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ದೇಗುಲದ ಮಂಟಪವೇ ನದಿಗಿಳಿದು ನಿಂತಂತೆ! ದಿವಾನ್ ಪೂರ್ಣಯ್ಯನವರು ಇದನ್ನು 1804ರಲ್ಲಿ ಕಟ್ಟಿಸಿದರು. ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯವರದು. 1799ರಲ್ಲಿ ಪಟ್ಟಣ ಬಿದ್ದು ಐದೇ ವರ್ಷ. ಬೇರಾರ ಹೆಸರನ್ನು ತಾನೆ ಇಡಬಹುದಿತ್ತು?

ಹೀಗೆ ಕಟ್ಟಿಸಿದವರೂ ಉಳಿದರು, ಹೆಸರು ಕೊಟ್ಟವರೂ ಉಳಿದರು. ಕಟ್ಟಿದವರು? ಮಂಟಪದ ತೊಲೆ ಹೊರುವುದು ಸೂರಿನ ಭಾರವನ್ನು. ಇಲ್ಲಿಯ ತೊಲೆ ಹೊರಬೇಕಾದುದು ಉರುಳುವ ಬಂಡಿಗಳನ್ನು. ಆ ಅಂತರವನ್ನರಿತು ಬಂಡೆಯನ್ನು ಸೀಳಿದ ಕಲ್ಲುಕುಟಿಗರಲ್ಲಿ ಒಬ್ಬರ ಹೆಸರನ್ನೂ ಯಾರೂ ಹೇಳುವುದಿಲ್ಲ. ವಾಹನಗಳು ಈಗ ಹೊಸ ಸೇತುವೆಯನ್ನು ಹಿಡಿದಿವೆ. ಇನ್ನೂರು ವರ್ಷಗಳ ನೆರೆ ಕಂಡ ಕಂಬಗಳು ಮಾತ್ರ ನೀರಿನಲ್ಲಿ ನಿಂತೇ ಇವೆ.