ಮೇದು ವಡಾ, ಶೀರಾ, ಉಪ್ಪೀಟ್

ಮುಂಬೈನ ಉಡುಪಿ ಹೋಟೆಲಿನಲ್ಲಿ ಉದ್ದಿನ ವಡೆಯ ಹೆಸರು ‘ಮೇದು ವಡಾ’. ಮೆದು ಎಂದರೆ ಮೃದು ಎಂದು ತಮಿಳಿಗೂ ಗೊತ್ತು, ಕನ್ನಡಕ್ಕೂ ಗೊತ್ತು. ಆದರೆ ಊರಲ್ಲಿ ಯಾರೂ ವಡೆಯನ್ನು ಹಾಗೆ ಕರೆಯುವುದಿಲ್ಲ. ಕೇಸರಿಬಾತ್ ಅಲ್ಲಿ ‘ಶೀರಾ’. ನಮ್ಮ ಉಪ್ಪಿಟ್ಟು ಮರಾಠಿ ಮನೆಗಳಲ್ಲಿ ‘ಉಪ್ಪೀಟ್’. ಅದರೊಳಗಿನ ಉಪ್ಪು, ಹಿಟ್ಟು ಎರಡೂ ಕನ್ನಡದವೇ. ಮೈಸೂರಿನಲ್ಲಿ ಕೆಂಪು ಚಟ್ನಿ ಸವರಿದ್ದು ಮೈಸೂರು ಮಸಾಲೆಯಾದರೆ, ಮುಂಬೈನಲ್ಲಿ ಎಷ್ಟೋ ಕಡೆ ಪಾವ್‌ಭಾಜಿಯಂಥ ತರಕಾರಿ ಪಲ್ಯವನ್ನೇ ದೋಸೆಗೆ ತುಂಬುತ್ತಾರೆ. ಊರಿನಿಂದ ಬಂದ ನೆಂಟರು ಸಾಂಬಾರು ಸಿಹಿ, ಇದು ನಮ್ಮದಲ್ಲ ಎಂದು ಮುಖ ಸಿಂಡರಿಸುತ್ತಾರೆ.

ಆದರೆ ಈ ಹೋಟೆಲುಗಳು ಹುಟ್ಟಿದ್ದು ಊರಿನ ರುಚಿ ಕಾಪಾಡಲಿಕ್ಕಲ್ಲ. ಮನೆ ಬಿಟ್ಟು ಬಂದ ಒಂಟಿ ಗಂಡಸರಿಗೆ ಕೈಗೆಟುಕುವ ಊಟ ಬೇಕಿತ್ತು. ಮಾಟುಂಗಾ ಸ್ಟೇಷನ್ ಬಳಿ ಎ. ರಾಮ ನಾಯಕರ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಕರಾವಳಿಯ ಹುಡುಗರು ಹಗಲು ತಟ್ಟೆ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಗಿರಾಕಿಗಳಲ್ಲಿ ಗುಜರಾತಿಗಳೂ ಮರಾಠಿಗರೂ ಹೆಚ್ಚಿದಂತೆ ಮೆನು ಬದಲಾಯಿತು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಜೈನ್ ತಿಂಡಿಯೂ ಬಂತು. ಬದಲಾಗದಿದ್ದರೆ ಬಾಡಿಗೆ ಹುಟ್ಟುತ್ತಿರಲಿಲ್ಲ.

ಬದಲಾದ ಮಾತ್ರಕ್ಕೆ ಬಂದವರು ನಗರದವರಾಗಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿತು. ದಕ್ಷಿಣದವರು ಮರಾಠಿಗರ ಕೆಲಸ ಕಸಿದರೆಂಬ ಕೂಗೆದ್ದಿತು. ಲುಂಗಿ ಗೇಲಿಯ ವಸ್ತುವಾಯಿತು, ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. ಮರಾಠಿ ಯುವಕರು ವಡಾಪಾವ್ ಗಾಡಿ ಹಾಕಿಕೊಳ್ಳಲು ಪಕ್ಷ ಉತ್ತೇಜನ ಕೊಟ್ಟಿತು. ಮಣ್ಣಿನ ಮಕ್ಕಳ ಆ ತಿಂಡಿಯಲ್ಲಿ ಪಾವ್ ಪೋರ್ಚುಗೀಸರದು. ಬಟಾಟೆ ದಕ್ಷಿಣ ಅಮೆರಿಕದ್ದು, ಅದರ ಹೆಸರೂ ಪೋರ್ಚುಗೀಸರ ಜೊತೆಗೇ ಬಂದದ್ದು. ಈಗ ಉಡುಪಿ ಹೋಟೆಲುಗಳೂ ಬಟಾಟಾ ವಡಾ ಕರಿಯುತ್ತವೆ. ಜಗಳವಾಡಿದ ಎರಡೂ ತಿಂಡಿ ಒಂದೇ ಟೇಬಲ್ಲಿನ ಮೇಲೆ ಬರುತ್ತವೆ.

ತಿಂಡಿಯನ್ನು ಬೇಗ ಒಪ್ಪಿ, ಮಾಡಿದವನನ್ನು ದೂರವಿಡುವುದು ಮುಂಬೈಗೆ ಮಾತ್ರ ಅಂಟಿದ ಗುಣವಲ್ಲ. ಬೆಂಗಳೂರು ಮೊಮೊ ತಿನ್ನಲು ಕಲಿತು ವರ್ಷಗಳೇ ಆದವು. ಆದರೂ 2012ರ ಆಗಸ್ಟಿನಲ್ಲಿ, ದಾಳಿಯಾಗುತ್ತದೆಂಬ ವದಂತಿಗೆ ಹೆದರಿ ಈಶಾನ್ಯ ಭಾರತದ ಸಾವಿರಾರು ಜನ ಅಲ್ಲಿಂದ ಗುವಾಹಟಿಯ ರೈಲು ಹತ್ತಿದರು. ಅವರಲ್ಲಿ ಹೋಟೆಲಿನ ಅಡಿಗೆಯವರೂ ಮಾಣಿಗಳೂ ಇದ್ದರು. ‘ಹೊರಗಿನವರು’ ಎಂಬ ಮಾತು ಊರಿನ ಹರಟೆಯಲ್ಲಿ ಸಲೀಸಾಗಿ ಬಂದಾಗ, ಅದು ಒಂದು ಕಾಲಕ್ಕೆ ಯಾರ ಬೆನ್ನಿಗೆ ಬಿದ್ದಿತ್ತೆಂದು ನೆನಪಿಸಲು ಮಾಟುಂಗಾದ ಕನ್ನಡಿಗರಿಗಿಂತ ಹೆಚ್ಚು ಅರ್ಹರು ಯಾರಿದ್ದಾರೆ?